ಪೊದೆಯ ಅರ್ಧ ಕಟಿಂಗ್

ನನ್ನ ಟವೆಲ್ ಅಂಗಡಿಗೂ ಪಕ್ಕದ ಕಟಿಂಗ್ ಶಾಪಿಗೂ ನಡುವೆ ಇರುವುದು ಒಂದೇ ಒಂದು ಹಲಗೆ ಗೋಡೆ. ಆ ಕಡೆ ಕತ್ತರಿಯ ಸದ್ದು ನಿಂತರೆ ಈ ಕಡೆ ನನಗೆ ಗೊತ್ತಾಗುತ್ತದೆ. ಈ ಕಡೆ ನಾನು ಗಿರಾಕಿಗೆ ಸುಳ್ಳು ಹೇಳಿದರೆ ಆ ಕಡೆಯಿಂದ ಕೆಮ್ಮು ಕೇಳಿಸುತ್ತದೆ. ಒಟ್ಟಿನಲ್ಲಿ ನೆರೆಹೊರೆ ಚೆನ್ನಾಗಿದೆ.

ಆ ಕ್ಷೌರಿಕನನ್ನು ಬೀದಿಯವರು ಪೊದೆ ಎಂದು ಕರೆಯುತ್ತಿದ್ದರು. ಊರವರ ತಲೆಯನ್ನೆಲ್ಲ ಹಸನು ಮಾಡಿ ಕಳಿಸುವವನ ಸ್ವಂತ ತಲೆ ವರ್ಷದ ಮುಕ್ಕಾಲು ಪಾಲು ಪೊದೆಯಂತೆಯೇ ಇರುತ್ತಿತ್ತು. ಹೊಸ ಗಿರಾಕಿಗಳು ಬಾಗಿಲವರೆಗೆ ಬಂದು, ಅವನನ್ನು ನೋಡಿ, ಟವೆಲ್ ಕೊಳ್ಳಲು ಬಂದವರ ಹಾಗೆ ನನ್ನ ಕಡೆ ತಿರುಗುತ್ತಿದ್ದರು. ಅದರಿಂದ ನನಗೇನೂ ನಷ್ಟವಿರಲಿಲ್ಲ.

ಅವನ ತಲೆಗೆ ಕತ್ತರಿ ಹಾಕುವ ಹಕ್ಕು ಇದ್ದದ್ದು ಒಬ್ಬನಿಗೇ, ಅವನ ತಮ್ಮನಿಗೆ. ಅಪ್ಪ ತೀರಿಕೊಂಡ ಮೇಲೆ ಪೊದೆ ಆ ಹುಡುಗನನ್ನು ಅಂಗಡಿಯ ಬೆಂಚಿನ ಮೇಲೆ ಕೂರಿಸಿಕೊಂಡೇ ಬೆಳೆಸಿದ. ದಿನಾ ಸಂಜೆ ಸ್ಕೂಲು ಬಿಟ್ಟ ಮೇಲೆ ಕೆಲಸ ಕಲಿಸಿದ. ಕಲಿಯುವವನ ಕೈಗೆ ಯಾವ ಗಿರಾಕಿ ತಲೆ ಕೊಡುತ್ತಾನೆ? ಪೊದೆ ತನ್ನದನ್ನೇ ಕೊಟ್ಟ. ಮೊದಮೊದಲು ಇಲಿ ಕಡಿದಂತಿದ್ದ ತಲೆ ಹೊತ್ತುಕೊಂಡು ಮಾರ್ಕೆಟ್ಟೆಲ್ಲ ತಿರುಗಾಡಿದ. ಬರಬರುತ್ತ ಹುಡುಗನ ಕೈ ಕುದುರಿತು. ಅಷ್ಟರಲ್ಲಿ ಅಣ್ಣನಿಗೆ ಬೇರೆ ಯಾರ ಕೈಯೂ ಹಿಡಿಸದಂತಾಗಿತ್ತು. ನಮ್ಮ ಬೀದಿಯಲ್ಲಿ ಇನ್ನೂ ಎರಡು ಕಟಿಂಗ್ ಶಾಪುಗಳಿವೆ. ಅಲ್ಲಿಗೆ ಹೋಗು ಎಂದರೆ, “ಅವರ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತ್ಕೊಳ್ಳೋದಾ? ಅದಕ್ಕಿಂತ ಅಂಗಡಿ ಬೀಗದಕೈ ಅವರಿಗೇ ಕೊಟ್ಟುಬಿಡ್ತೀನಿ” ಎನ್ನುತ್ತಿದ್ದ.

ಪಿಯುಸಿ ಮುಗಿಸಿ ಆ ಹುಡುಗ ಮಣ್ಣಿನ ವಿಜ್ಞಾನ ಓದಲು ದೂರದ ನಗರಕ್ಕೆ ಹೋದ. “ಮಣ್ಣು ತಿನ್ನೋದಕ್ಕೂ ಡಿಗ್ರಿ ಕೊಡ್ತಾರಾ?” ಎಂದು ಬೀದಿ ಕೇಳಿತು. ಪೊದೆ ಕಿವಿಗೆ ಹಾಕಿಕೊಳ್ಳಲಿಲ್ಲ. ತಮ್ಮ ರಜೆಗೆ ಬಂದಾಗಲೆಲ್ಲ ಮೊದಲು ಅಣ್ಣನ ಕಟಿಂಗ್, ಆಮೇಲೆ ಊಟ. ಕೊನೆಯ ವರ್ಷ ಮಾತ್ರ, ಹೊಲಹೊಲ ಸುತ್ತಿ ಮಣ್ಣು ಅಗೆಯುವ ಕೆಲಸವಿದೆಯೆಂದು ಹುಡುಗ ಊರ ಕಡೆ ತಲೆ ಹಾಕಲಿಲ್ಲ. ಪೊದೆ ಕಾಡಾಯಿತು.

ಪದವಿ ಕೊಡುವ ದಿನ ಗೊತ್ತಾಗಿ ಅಣ್ಣನಿಗೆ ಕರೆ ಬಂತು. ಅದೇ ನಗರದಲ್ಲಿ ನನಗೆ ಬೆಡ್‌ಶೀಟಿನ ಖರೀದಿ ಇತ್ತು, ಅವನಿಗೆ ಅಕ್ಕನ ಮನೆ ಇತ್ತು. ಲಾಡ್ಜಿಗೆ ಯಾಕೆ ದಂಡ ಎಂದು ನಾನೂ ಜೊತೆಗೆ ಹೊರಟೆ. ಅವನು ಚೀಲಕ್ಕೆ ಮೊದಲು ಹಾಕಿದ್ದು ಕತ್ತರಿ ಮತ್ತು ಬಾಚಣಿಗೆ. ಅಂಗಿಯ ನೆನಪಾದದ್ದು ಆಮೇಲೆ.

“ಅಲ್ಲಿ ಅವನ ಕೈಲಿ ಕಟಿಂಗ್ ಮಾಡಿಸ್ಕೋತೀಯಾ?” ಎಂದೆ.

“ಮತ್ತೆ? ಇದೇ ತಲೇಲಿ ಹೋಗಿ ಕೂರಕ್ಕಾಗುತ್ತಾ?”

“ಮಾಡ್ತಾನಾ ಅವನು? ಈಗ ಡಿಗ್ರಿ ಆಗಿದೆಯಲ್ಲಪ್ಪ.”

ಪೊದೆ ಚೀಲದ ಜಿಪ್ ಎಳೆದ. ಅವನನ್ನು ಕೊರೆಯುತ್ತಿದ್ದ ಹುಳ ಅದೇ. ಕರೆದರೂ ತಮ್ಮ ಒಂದು ವರ್ಷ ಬಂದಿರಲಿಲ್ಲ. ಇನ್ನು ಅವನು ಕತ್ತರಿ ಹಿಡಿಯುವುದಿಲ್ಲ ಎಂದುಬಿಟ್ಟರೆ?

ಬಸ್ಸಿನಲ್ಲಿ ಪಕ್ಕದ ಹಿರಿಯರೊಬ್ಬರು ಅವನನ್ನು ಬಹಳ ಹೊತ್ತು ನೋಡಿ, “ನಾಟಕದವರಾ?” ಎಂದರು.

“ಅಲ್ಲ, ಬಟ್ಟೆ ವ್ಯಾಪಾರ” ಎಂದುಬಿಟ್ಟ ಪೊದೆ, ನನ್ನ ಕಡೆ ತಿರುಗಿಯೂ ನೋಡದೆ. ಕ್ಷೌರಿಕ ಎಂದರೆ ಯಾರು ನಂಬುತ್ತಿದ್ದರು? ಆಮೇಲೆ ದಾರಿಯುದ್ದಕ್ಕೂ ಮುಂದಿನ ಸೀಟಿನವನ ಕುತ್ತಿಗೆಯನ್ನೇ ದಿಟ್ಟಿಸಿದ. “ನೋಡು, ಎಡಗಿವಿ ಹಿಂದೆ ಹಾಗೇ ಬಿಟ್ಟಿದ್ದಾನೆ. ಯಾವನೋ ಮನೆಗೆ ಹೋಗೋ ಅವಸರದಲ್ಲಿ ಮಾಡಿದ್ದು.” ಮುಂದಿನವನು ಎರಡು ಸಲ ತಿರುಗಿ ನೋಡಿ, ಮೂರನೇ ಸಲ ಸೀಟು ಬದಲಿಸಿದ.

ಅಕ್ಕನ ಮನೆ ಮಹಡಿಯ ಮೇಲೆ. ಇಕ್ಕಟ್ಟಿನ ಮೆಟ್ಟಿಲ ಮೇಲೆಲ್ಲ ಕೆಳಗಿನ ಮನೆಯವರ ಚಪ್ಪಲಿ. ಅಕ್ಕ ಬಾಗಿಲು ತೆರೆದು ಒಂದು ಹೆಜ್ಜೆ ಹಿಂದೆ ಸರಿದರು.

“ಯಾರು ಬೇಕಿತ್ತು?... ಅಯ್ಯೋ ನಿನ್ನ! ನೀನೇನೋ? ಇದೇನೋ ಅವತಾರ?”

“ನಾಳೆ ಬೆಳಿಗ್ಗೆ ಇದು ಇರಲ್ಲ ಬಿಡಕ್ಕ. ತಮ್ಮ ತೆಗೀತಾನೆ.”

“ಡಿಗ್ರಿ ತಗೊಳ್ಳೋ ದಿನ ಅವನ ಕೈಗೆ ಕತ್ತರಿ ಕೊಡ್ತೀಯಾ? ಅದೂ ಅವನ ಜೊತೆ ಓದಿದವರ ಎದುರಿಗೆ? ನಿನಗೆ ತಲೆ ಅನ್ನೋದು ಇದೆಯಾ?”

“ಇದೆಯಲ್ಲ, ಅದೇ ತೊಂದರೆ” ಎಂದರು ಮೂಲೆಯ ಕುರ್ಚಿಯಿಂದ ಭಾವ. ಭಾವನ ತಲೆ ನುಣ್ಣಗೆ ಬೋಳು. ಹಾಗಾಗಿ ಇಷ್ಟು ವರ್ಷವಾದರೂ ಅವರಿಗೂ ಪೊದೆಗೂ ನಡುವೆ ಹೇಳಿಕೊಳ್ಳುವಂಥ ವ್ಯವಹಾರ ಬೆಳೆದಿರಲಿಲ್ಲ. ಅಕ್ಕ ಕೆಳಗಿನ ಬೀದಿಯ ಸೆಲೂನಿಗೆ ಹೋಗೆಂದು ಊಟದವರೆಗೂ ಹೇಳಿದರು, ಊಟ ಆದ ಮೇಲೂ ಹೇಳಿದರು. ಪೊದೆ ಹೂಂಗುಟ್ಟಿ ಮಲಗಿದ.

ಬೆಳಿಗ್ಗೆ ನಾವಿಬ್ಬರೂ ಹಾಸ್ಟೆಲಿಗೆ ಹೋದೆವು. ಅಕ್ಕ, ಭಾವ ಆಮೇಲೆ ಸಭಾಂಗಣಕ್ಕೇ ಬರುವುದೆಂದು ಮಾತಾಗಿತ್ತು. ಹಾಸ್ಟೆಲ್ ಗೇಟಿಗೆ ಸರಿಯಾಗಿ ಎದುರಿಗೆ ಒಂದು ಹಳೆಯ ಕಟಿಂಗ್ ಶಾಪ್. ವ್ಯಾಪಾರಿ ಕಣ್ಣಿಗೆ ಇಂಥ ಜಾಗ ಕಂಡರೆ ಹೊಟ್ಟೆಕಿಚ್ಚಾಗುತ್ತದೆ: ಮೂರು ಮಹಡಿ ತುಂಬ ಹುಡುಗರು, ಅದೂ ಪದವಿಯ ದಿನ, ಬಾಗಿಲ ಹೊರಗೆ ಸಾಲು ನಿಂತಿರಬೇಕು. ಆದರೆ ಒಳಗೆ ಬಿಳಿಮೀಸೆಯ ಮಾಲೀಕರು ಗಿರಾಕಿ ಕುರ್ಚಿಯಲ್ಲೇ ಕಾಲು ಚಾಚಿ ಪೇಪರ್ ಓದುತ್ತಿದ್ದರು.

“ಕೈ ಸರಿಯಿಲ್ಲ ಅನ್ಸುತ್ತೆ” ಎಂದ ಪೊದೆ, ಮರುಕದಿಂದಲೇ.

ಮೂರನೇ ಮಹಡಿಯ ಕೋಣೆಯಲ್ಲಿ ಬೂಟ್ ಪಾಲಿಷಿನ ವಾಸನೆ. ಕಿಟಕಿ ಸರಳಿಗೆ ಕರಿ ಗೌನು ನೇತಾಡುತ್ತಿತ್ತು. ಅದರ ಕೆಳಗೆ ಸೀಸೆಗಳಲ್ಲಿ ಕೆಂಪು, ಕಪ್ಪು, ಬೂದು ಮಣ್ಣು. ಅಣ್ಣನನ್ನು ನೋಡಿ ತಮ್ಮ ಗಹಗಹಿಸಿ ನಕ್ಕ.

“ಕೂತ್ಕೋ ಅಣ್ಣ, ಕೂತ್ಕೋ. ಇದನ್ನ ನೋಡಿದ್ರೆ ನಮ್ಮ ಮೇಷ್ಟ್ರು ಸ್ಯಾಂಪಲ್ ತಗೊಂಡು ಹೋಗ್ತಾರೆ.”

ಪೊದೆ ಕೂತ. ಚೀಲದಿಂದ ಕತ್ತರಿ ತೆಗೆಯಲು ಹೋದರೆ, ತಮ್ಮ ಅಷ್ಟರಲ್ಲಿ ಮಂಚದ ಕೆಳಗಿನಿಂದ ಒಂದು ತಗಡಿನ ಪೆಟ್ಟಿಗೆ ಎಳೆದಿದ್ದ. ಅದರಲ್ಲಿ ಕತ್ತರಿ, ಮಷೀನು, ನೀರಿನ ಸ್ಪ್ರೇ, ಕುತ್ತಿಗೆಗೆ ಕಟ್ಟುವ ಬಟ್ಟೆ ಎಲ್ಲ ಇದ್ದವು. ಪೊದೆ ತನ್ನ ಚೀಲವನ್ನು ಪಕ್ಕಕ್ಕಿಟ್ಟ. ಕೊರೆಯುತ್ತಿದ್ದ ಹುಳ ಸತ್ತಿತ್ತು. ಕಣ್ಣು ಮುಚ್ಚಿ ಕುತ್ತಿಗೆ ಸಡಿಲ ಬಿಟ್ಟ. ಹಾಗೆ ಕೂತದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ತಮ್ಮನ ಕತ್ತರಿ ಸರಸರ ಓಡಿತು. ಬಲಗಡೆ ಪೂರ್ತಿಯಾಯಿತು.

ಆಗ ಕುತ್ತಿಗೆಗೆ ಟವೆಲ್ ಸುತ್ತಿಕೊಂಡ ಹುಡುಗನೊಬ್ಬ ಬಾಗಿಲಲ್ಲಿ ಇಣುಕಿದ. “ಲೋ, ಇವರಾದ ಮೇಲೆ ನಾನು ಕಣೋ. ನನ್ನ ಹಿಂದೆ ಇನ್ನೂ ಮೂವರು ಇದ್ದಾರೆ.”

ಪೊದೆ ಕಣ್ಣು ತೆರೆದ. “ಎಷ್ಟು ಜನಕ್ಕೆ ಮಾಡ್ತೀಯ ನೀನು?”

“ಎಲ್ಲರಿಗೂ ಅಂಕಲ್” ಎಂದ ಟವೆಲಿನವನು ಹೆಮ್ಮೆಯಿಂದ. “ನಾವು ಬಂದಾಗಿನಿಂದ ಯಾರೂ ಹೊರಗೆ ಹೋಗೇ ಇಲ್ಲ. ಭಾನುವಾರ ಬೆಳಿಗ್ಗೆ ಇವನ ರೂಮಿಗೆ ಕ್ಯೂ.”

“ದುಡ್ಡು?”

“ಛೆ, ಫ್ರೆಂಡ್ಸ್ ಹತ್ರ ದುಡ್ಡು ತಗೋತಾರಾ ಅಣ್ಣ?” ಎಂದ ತಮ್ಮ. “ಬಿಟ್ಟಿ.”

ಪೊದೆ ಕಿಟಕಿಯ ಕಡೆ ತಿರುಗಿದ. “ದುಡ್ಡು ತಗೊಂಡಿದ್ರೆ ಒಳ್ಳೇದಿತ್ತು.”

“ಯಾಕೆ?”

“ಎದುರಿಗೆ ಒಬ್ಬ ಅಂಗಡಿ ಇಟ್ಕೊಂಡಿದ್ದಾನಲ್ಲ, ಅವನು ನೀನೊಬ್ಬ ಪೈಪೋಟಿ ಅಂತ ರೇಟ್ ಇಳಿಸ್ತಿದ್ದ. ಬಿಟ್ಟಿಗಿಂತ ಕೆಳಗೆ ಎಲ್ಲಿಗೆ ಇಳಿಸ್ತಾನೋ?”

ಇದರಲ್ಲಿ ನಾನು ಪೊದೆಯ ಕಡೆಯೇ. ಬಿಟ್ಟಿ ಕೊಡುವವನ ಎದುರಿಗೆ ಅಂಗಡಿ ಇಟ್ಟು ಗೆದ್ದವರನ್ನು ನಾನು ಕಂಡಿಲ್ಲ.

“ಅಣ್ಣ, ನಾನು ಆ ಯೋಚನೆನೇ ಮಾಡಿರಲಿಲ್ಲ...”

“ಬೇರೆ ಹುಡುಗರು ಮಾಡಿದ್ದಿದ್ರೆ ಬಿಡು ಅನ್ನಬಹುದಿತ್ತು. ನೀನು ಕಟಿಂಗ್ ಶಾಪಿನ ಅನ್ನ ತಿಂದು ಬೆಳೆದವನು. ಇನ್ನೊಬ್ಬ ಕ್ಷೌರಿಕನ ಹೊಟ್ಟೆ ಮೇಲೆ ಹೊಡೆದೆಯಲ್ಲೋ.”

ಎದ್ದ. ಬಟ್ಟೆ ಕುತ್ತಿಗೆಯಲ್ಲೇ ಇತ್ತು. ಬಲಗಡೆ ಸಭ್ಯಸ್ಥ, ಎಡಗಡೆ ಕಾಡು. ಹಾಗೇ ಮೆಟ್ಟಿಲಿಳಿದ, ಹಿಂದೆ ನಾನು. ಗೌನು ಹಾಕಿಕೊಂಡ ಹುಡುಗರು ಗೋಡೆಗೆ ಒತ್ತಿ ದಾರಿ ಬಿಟ್ಟರು. ರಸ್ತೆ ದಾಟುವಾಗ ಒಂದು ಸ್ಕೂಟರು ತಾನಾಗಿಯೇ ನಿಂತಿತು.

ಬಿಳಿಮೀಸೆಯವರು ಪೇಪರ್ ಮಡಚಿ ಕುರ್ಚಿ ಬಿಟ್ಟುಕೊಟ್ಟರು. ಪೊದೆಯ ಬಲಗಡೆಯನ್ನು ಬೆರಳಲ್ಲಿ ಎತ್ತಿ ನೋಡಿದರು.

“ಇದು ಮೂರನೇ ಮಹಡಿ ಹುಡುಗನ ಕೈ.”

“ನನ್ನ ತಮ್ಮ. ಹೇಗೆ ಗೊತ್ತಾಯ್ತು ಯಜಮಾನರೇ?”

“ನಾಲ್ಕು ವರ್ಷದಿಂದ ಆ ಗೇಟಲ್ಲಿ ಬರೋ ತಲೆನೆಲ್ಲ ಇಲ್ಲಿಂದಲೇ ನೋಡ್ತಿದ್ದೀನಲ್ಲ, ಬೇರೆ ಕೆಲಸ ಏನಿತ್ತು? ಕೆಟ್ಟದಾಗಿ ಮಾಡಿದ್ರೆ ಒಂದು ತಿಂಗಳಲ್ಲಿ ಎಲ್ಲರೂ ನನ್ನ ಹತ್ರ ಬರ್ತಿದ್ರು. ಹಾಳಾದವನು ಚೆನ್ನಾಗೇ ಮಾಡ್ತಾನೆ.” ನೀರು ಚಿಮುಕಿಸಿದರು. “ಈಗ ವಾರ್ಡನ್ ಒಬ್ಬರು ಬರ್ತಾರೆ. ಅವರಿಗೂ ಕೂದಲು ಉದುರ್ತಾ ಇದೆ.”

ಅಷ್ಟರಲ್ಲಿ ಹುಡುಗ ಗೌನು ಸಿಕ್ಕಿಸಿಕೊಂಡು ಓಡಿಬಂದು ಬಾಗಿಲಲ್ಲಿ ನಿಂತ. ಒಳಗೆ ಕಾಲಿಡಲೋ ಬೇಡವೋ ಎಂಬಂತಿದ್ದ.

“ಬಾರಪ್ಪ, ಇಷ್ಟು ವರ್ಷದಲ್ಲಿ ಇದೇ ಮೊದಲು” ಎಂದರು ಬಿಳಿಮೀಸೆಯವರು. ಆಮೇಲೆ ಕನ್ನಡಿಯಲ್ಲಿ ಪೊದೆಯನ್ನು ಕೇಳಿದರು: “ಈ ಕಡೆ ಅವನ ತರ ಮಾಡಲಾ, ನನ್ನ ತರ ಮಾಡಲಾ?”

“ನಿಮ್ಮ ಅಂಗಡಿ. ನಿಮ್ಮ ತರ.”

“ಎರಡು ಕಡೆ ಎರಡು ತರ ಆಗುತ್ತೆ.”

“ಆಗಲಿ.”

“ಬಲಗಡೆನೂ ನೀವೇ ಸರಿ ಮಾಡಿಬಿಡಿ ಅಂಕಲ್” ಎಂದ ತಮ್ಮ. ದನಿ ಇಳಿದಿತ್ತು. “ನಾನು ಮಾಡಿದ್ದು ಹೋಗಲಿ.”

“ಆ ಕಡೆ ಮುಟ್ಟಬೇಡಿ” ಎಂದ ಪೊದೆ, ತಲೆ ತಗ್ಗಿಸಿಯೇ. “ಅದು ಮುಗಿದಿದೆ.”

ಮುದುಕರು ಅವಸರ ಮಾಡಲಿಲ್ಲ. ಹುಡುಗ ಗಡಿಯಾರ ನೋಡುತ್ತ, ಬೆಂಚಿನ ತುದಿಯಲ್ಲಿ ಕೂತು ಕಾದ. ಪೊದೆ ಪೂರ್ತಿ ತಲೆಯ ದುಡ್ಡೇ ಕೊಟ್ಟ. ನಾನಾಗಿದ್ದರೆ ಚೌಕಾಸಿ ಮಾಡುತ್ತಿದ್ದೆ.

ಸಭಾಂಗಣಕ್ಕೆ ನಾವು ಮುಟ್ಟಿದಾಗ ಭಾಷಣ ಮುಗಿಯುತ್ತ ಬಂದಿತ್ತು. ಅಕ್ಕ ಮೊದಲು ಎಡಗಡೆ ನೋಡಿ ಸಮಾಧಾನಪಟ್ಟುಕೊಂಡರು. ಆಮೇಲೆ ಬಲಗಡೆ ನೋಡಿದರು. “ಇದೇನೋ, ಒಂದು ಕಡೆ ಕಿವಿ ಕಾಣುತ್ತೆ, ಇನ್ನೊಂದು ಕಡೆ ಇಲ್ಲ?”

“ಇಬ್ಬರು ಮಾಡಿದ್ದು.”

“ಒಂದು ತಲೆಗೆ ಇಬ್ಬರಾ? ಅಷ್ಟು ದೊಡ್ಡ ತಲೆನಾ ನಿನ್ನದು?” ಎಂದರು ಭಾವ.

ತಮ್ಮನೂ ವೇದಿಕೆ ಹತ್ತಿ, ಕಾಗದದ ಸುರುಳಿ ತೆಗೆದುಕೊಂಡು ಇಳಿದ. ಅಕ್ಕ ಕಣ್ಣೊರೆಸಿಕೊಂಡರು. ಪೊದೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಚಪ್ಪಾಳೆಯ ನಡುವೆ ನಾನು ಬಗ್ಗಿ ಕೇಳಿದೆ: “ನಿಜ ಹೇಳು, ಯಾವ ಕಡೆ ಚೆನ್ನಾಗಿದೆ?”

“ಎಡಗಡೆ” ಎಂದ. “ಆ ಮುದುಕನದ್ದು ಕೈ ಅಂದ್ರೆ ಕೈ.”

ಊರಿಗೆ ಮರಳಿದ ಮೇಲೆ ಒಂದು ಬದಲಾವಣೆಯಾಯಿತು. ಕೂದಲು ಕಿವಿ ಮುಟ್ಟಿದ ಕೂಡಲೇ ಪೊದೆ ಬೀದಿಯ ಆ ತುದಿಯ ಕಟಿಂಗ್ ಶಾಪಿಗೆ ಹೋಗಿ ಕೂರತೊಡಗಿದ. ಒಮ್ಮೆ ಬೇರೆಯವರ ಕುರ್ಚಿಯಲ್ಲಿ ತಲೆ ತಗ್ಗಿಸಿದವನಿಗೆ ಎರಡನೇ ಸಲ ಕಷ್ಟವಾಗಲಿಲ್ಲ. ಮೊದಲ ದಿನ ಆ ಅಂಗಡಿಯವನು ಕತ್ತರಿಯನ್ನು ಎರಡೆರಡು ಸಲ ತೊಳೆದನಂತೆ. ಪೊದೆ ಎಂಬ ಹೆಸರು ಈಗ ಹಳಬರ ಬಾಯಲ್ಲಿ ಮಾತ್ರ ಉಳಿದಿದೆ.

ತಮ್ಮನಿಗೆ ಮಣ್ಣು ಪರೀಕ್ಷೆಯ ಕೆಲಸ ಸಿಕ್ಕಿದೆ. ರಜೆಗೆ ಬರುತ್ತಾನೆ. ಬಂದವನು ಚೀಲ ಕೆಳಗಿಟ್ಟು ಅಣ್ಣನ ಹಿಂದೆ ಹೋಗಿ ನಿಲ್ಲುತ್ತಾನೆ. ಕತ್ತರಿ ಹಾಕಲು ಅಲ್ಲಿ ಏನೂ ಉಳಿದಿರುವುದಿಲ್ಲ.

“ಹಿಂದೆ ಸರಿಯಾಗಿ ಇಳಿಸಿಲ್ಲ ಅವನು” ಎನ್ನುತ್ತಾನೆ.

ಅಣ್ಣ “ಹೂಂ” ಎನ್ನುವುದು ಹಲಗೆಯ ಈ ಕಡೆ ನನಗೂ ಕೇಳುತ್ತದೆ. ಆಮೇಲೆ ಅಣ್ಣ ಮುಂದಿನ ಗಿರಾಕಿಯನ್ನು ಕರೆಯುತ್ತಾನೆ, ತಮ್ಮ ಬೆಂಚಿನ ಮೇಲೆ ಕೂತು ಪೇಪರ್ ಬಿಡಿಸುತ್ತಾನೆ.