ಸಿನೆಮಾದಲ್ಲಿ ಬೆನ್ನು ಮಾತ್ರ ಇದ್ದ ದೊಡ್ಡವ್ವ

ಹೋದ ವಾರ ಹಿರೇಕೆರೂರಿನ ಸಂತೆಯಲ್ಲಿ ಒಬ್ಬಾಕೆ ಗೋಣಿತಟ್ಟಿನ ಮೇಲೆ ವೀಳ್ಯದೆಲೆ ಹರವಿಕೊಂಡು ಕುಳಿತಿದ್ದಳು. ನಾನು ಎಲೆ ತಿನ್ನುವವನಲ್ಲ. ಇಲ್ಲಿ ಗೋವಿನಜೋಳದ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಬರೆಯುವ ಕೆಲಸ ನನ್ನದು. ಊಟಕ್ಕೆಂದು ಹೊರಟವನು ಆಕೆಯ ಮುಂದೆ ದಾಟುವಾಗ ಆಕೆ ಮೇಲೆ ಹೊದಿಸಿದ್ದ ಇನ್ನೊಂದು ತಟ್ಟು ಎತ್ತಿ ಎಲೆಗಳಿಗೆ ನೀರು ಚಿಮುಕಿಸಿದಳು. ಹಸಿ ಎಲೆಯ ಖಾರ, ನೆನೆದ ಗೋಣಿಯ ವಾಸನೆ, ಅದರಡಿ ತೋಟದ ಮಣ್ಣಿನದೊಂದು ತಂಪು... ನಿಂತುಬಿಟ್ಟೆ. ಸವಣೂರಿನ ನಮ್ಮ ಓಣಿ, ಪಕ್ಕದ ಮನೆ, ಆ ಮನೆಯ ದೊಡ್ಡವ್ವ, ಎಲ್ಲ ಒಮ್ಮೆಲೇ ಮುಂದೆ ಬಂದು ನಿಂತಂತಾಯಿತು.

ಆಕೆ ನಮಗೆ ಬಳಗದವಳಲ್ಲ. ಗೋಡೆಗೆ ಗೋಡೆ ಕೂಡಿದ ಮನೆ, ಅಷ್ಟೇ. ನಮ್ಮಪ್ಪನಿಗಿಂತ ವಯಸ್ಸಿನಲ್ಲಿ ದೊಡ್ಡವಳು, ಅದಕ್ಕೆ ದೊಡ್ಡವ್ವ. ಊರ ಹೊರಗೆ ಅವರದೊಂದು ಸಣ್ಣ ಎಲೆತೋಟವಿತ್ತು. ಎಲೆ ಕೊಯ್ಯಲು ಹೆಬ್ಬೆರಳಿಗೆ ಹಾಕುವ ಕಬ್ಬಿಣದ ಉಗುರನ್ನು ತೆಗೆಯದೆಯೇ ಓಣಿಯಲ್ಲೆಲ್ಲ ಓಡಾಡುತ್ತಿದ್ದಳು. ಮಕ್ಕಳ ಕೆನ್ನೆ ಹಿಂಡಬೇಕಾದಾಗ ಮಾತ್ರ ನೆನಪಿಟ್ಟು ಎಡಗೈ ಮುಂದೆ ಮಾಡುತ್ತಿದ್ದಳು.

ನಾನು ಚಿಕ್ಕಂದಿನಲ್ಲೇ ಸಾಲಿ ಬಿಟ್ಟು ಖಾರದ ಅಂಗಡಿಗೆ ಸೇರಿದವನು. ಸೇವು ಕರಿಯುತ್ತ ಕರಿಯುತ್ತ ಮೀಸೆ ಬಂತು, ಮದುವೆ ಆಯಿತು, ಮಕ್ಕಳಾದವು. ಮಗಳ ಪುಸ್ತಕ ತೆರೆದು ನೋಡುವಾಗ ನಾಚಿಕೆ ಆಗಿ ಹೊರಗಿನಿಂದ ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕುಳಿತೆ. ಅಲ್ಲಿಂದ ನಿಲ್ಲಲಿಲ್ಲ. ಮನೆಯಲ್ಲಿ ಗದ್ದಲ ಎಂದು ಸಂಜೆ ದೊಡ್ಡವ್ವನ ಕಟ್ಟೆಯ ಮೇಲೆ ಕುಳಿತು ಓದುತ್ತಿದ್ದೆ. ಮನಸ್ಸಿನಲ್ಲಿ ಓದುವ ರೂಢಿ ನನಗಿರಲಿಲ್ಲ, ದೊಡ್ಡದಾಗಿ ಓದಿದರೇ ತಲೆಗೆ ಹೋಗುತ್ತಿತ್ತು. ಆಕೆ ಎಲೆ ಜೋಡಿಸುತ್ತ ಎಲ್ಲ ಕೇಳುತ್ತಿದ್ದಳು. ಹೀಗಾಗಿ ನಾನು ಕಲಿತದ್ದನ್ನೆಲ್ಲ ಆಕೆಯೂ ಅರ್ಧಮರ್ಧ ಕಲಿತಳು. ಪರೀಕ್ಷೆಯ ಹಿಂದಿನ ದಿನ ನನಗೇ ಪ್ರಶ್ನೆ ಹಾಕಿ, ನಾನು ತಡವರಿಸಿದರೆ ನಗುತ್ತಿದ್ದಳು.

ಓಣಿಯಲ್ಲಿ ದೊಡ್ಡವ್ವನಿಗೆ ಒಂದು ಹೆಸರಿತ್ತು, ಬೆನ್ನಿನ ಹೀರೋಯಿನ್. ಅದರ ಕಥೆ ಊರಿಗೆಲ್ಲ ಗೊತ್ತು. ಆಕೆ ಹೊಸ ಸೊಸೆಯಾಗಿ ಬಂದ ವರ್ಷ, ದೂರದ ಊರಿನ ಒಬ್ಬ ಹುಡುಗ ತನ್ನ ಮೊದಲ ಸಿನೆಮಾ ತೆಗೆಯಲು ಸವಣೂರಿಗೆ ಬಂದಿದ್ದ. ಇವರ ತೋಟವನ್ನೇ ಹಿಡಿದ. ಆ ಸಿನೆಮಾದಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ಎಲೆಬುಟ್ಟಿ ಹೊತ್ತು ಬಳ್ಳಿಯ ಸಾಲುಗಳ ನಡುವೆ ನಮ್ಮಿಂದ ದೂರ ನಡೆದು ಹೋಗುತ್ತಾಳೆ. ಹೋಗುತ್ತಲೇ ಇರುತ್ತಾಳೆ. ಅವಳೇ ದೊಡ್ಡವ್ವ. ಮುಖ ಒಮ್ಮೆಯೂ ಕಾಣುವುದಿಲ್ಲ. ಆ ಸಿನೆಮಾ ಪರದೇಶಗಳಿಗೆ ಹೋಗಿ ಹೆಸರು ಮಾಡಿತು, ಹುಡುಗ ದೊಡ್ಡ ನಿರ್ದೇಶಕನಾದ. ಆದರೆ ಅದು ಹಾನಗಲ್ಲಿನ ಟಾಕೀಸಿಗೆ ಬಂದಾಗ ನಮ್ಮ ಓಣಿ ಟೆಂಪೋ ಮಾಡಿಕೊಂಡು ಹೋಗಿ ನೋಡಿ ಸುಸ್ತಾಗಿತ್ತಂತೆ. ಹಿಂದಿನ ಸಾಲಿನಿಂದ ಯಾರೋ, ಈಕೆ ಕೊನೆಯ ಬಸ್ಸಿನ ಹೊತ್ತಿಗಾದರೂ ಮನೆ ಮುಟ್ಟುತ್ತಾಳೋ ಇಲ್ಲವೋ ಎಂದು ಕೂಗಿ ಕೇಳಿದ್ದನ್ನು ನಮ್ಮಪ್ಪ ಸಾಯುವತನಕ ಹೇಳಿ ನಗುತ್ತಿದ್ದ.

ಮರಳಿ ಬರುವಾಗ ಎಲ್ಲರದೂ ಒಂದೇ ಪ್ರಶ್ನೆ, ನಿನ್ನ ಮುಖ ಎಲ್ಲಿ ಹೋಯಿತು ಎಂದು. ಆಕೆ ಕೊಟ್ಟ ಉತ್ತರ ಊರಲ್ಲಿ ಉಳಿದುಬಿಟ್ಟಿತು.

“ಅವಗ ನನ್ನ ಬೆನ್ನ ಸಾಕಾತಂತ. ನಾ ಏನ್ ಮಾಡ್ಲಿ?”

ಅಂದಿನಿಂದ ಊರು ಆ ನಿರ್ದೇಶಕನನ್ನು ಬೈಯತೊಡಗಿತು. ಕ್ಯಾಮೆರಾ ಯಾವ ಕಡೆ ಹಿಡಿಯಬೇಕು ಎಂಬುದೂ ಗೊತ್ತಿಲ್ಲದವನು ಎಂದರು. ದೊಡ್ಡವ್ವನ ಗಂಡನಂತೂ ಮನೆಯಲ್ಲಿ ಜಗಳ ಬಂದಾಗ, ಮಾರಿ ಇತ್ತ ಮಾಡಿ ಬಯ್ಯಿ, ನಾನೇನು ಡೈರೆಕ್ಟರ್ ಅಲ್ಲ ಎನ್ನುತ್ತಿದ್ದನಂತೆ. ದೊಡ್ಡವ್ವ ಎಲ್ಲರ ಜೊತೆ ತಾನೂ ನಗುತ್ತಿದ್ದಳು. ಯಾರನ್ನೂ ತಡೆಯಲಿಲ್ಲ.

ಅಂಚೆಯ ಮೂಲಕ ಓದುತ್ತಿದ್ದ ನನ್ನ ಡಿಗ್ರಿಯ ಕೊನೆಯ ವರ್ಷ ಒಂದು ಉದ್ದ ಪ್ರಬಂಧ ಬರೆಯಬೇಕಿತ್ತು. ಅದೇ ಹೊತ್ತಿಗೆ ಆ ನಿರ್ದೇಶಕನ ಹೊಸ ಸಿನೆಮಾ ಬಂದು, ಸ್ವಲ್ಪ ದಿನಕ್ಕೆ ಆತ ತೀರಿಕೊಂಡ ಸುದ್ದಿಯೂ ಬಂತು. ನಮ್ಮ ಓಣಿಯ ಬೆನ್ನು ಇರುವ ಸಿನೆಮಾದವನು, ಬೇರೆ ವಿಷಯ ಏಕೆ ಎಂದು ಆತನ ಕೊನೆಯ ಸಿನೆಮಾವನ್ನು ಮೊದಲಿನವುಗಳ ಜೊತೆ ಹೋಲಿಸಿ ಬರೆಯುತ್ತೇನೆ ಎಂದೆ. ಶಿಗ್ಗಾವಿಯ ಕಾಲೇಜಿನಲ್ಲಿದ್ದ ನಮ್ಮ ಮಾರ್ಗದರ್ಶಕರು ಸಂತೋಷಪಟ್ಟು ಒಂದು ಕಟ್ಟು ಲೇಖನ ಕೊಟ್ಟರು.

ಅವನ್ನು ಕಟ್ಟೆಯ ಮೇಲೆ ಓದಿದೆ. ಎಲ್ಲವೂ ಆತನ ಹಳೆಯ ಸಿನೆಮಾಗಳ ಮೇಲಿನವು, ಒಂದೇ ಮಾತು ಹೇಳುತ್ತಿದ್ದವು. ಈತನ ಸಿನೆಮಾಗಳಲ್ಲಿ ಮನುಷ್ಯರು ಯಾವಾಗಲೂ ಅತ್ತ ತಿರುಗಿರುತ್ತಾರೆ, ದೂರ ನಡೆಯುತ್ತಿರುತ್ತಾರೆ, ನಮ್ಮನ್ನು ನೋಡುವುದಿಲ್ಲ, ಇದು ಮೊದಲ ಸಿನೆಮಾದ ಆ ನಡಿಗೆಯಿಂದಲೇ ಶುರುವಾದ ದರ್ಶನ ಎಂದು. ಓದುತ್ತಿದ್ದವನು ತಲೆ ಎತ್ತಿದರೆ ದೊಡ್ಡವ್ವನ ಕೈ ನಿಂತಿತ್ತು.

“ಎಲ್ಲಾ ಸಿನೆಮಾದಾಗೂ ಹಂಗನ ಅಂತೇನು?”

ಬಹುತೇಕ ಎಲ್ಲದರಲ್ಲೂ ಎಂದೆ. ಮುಖ ಒಂದರಲ್ಲೂ ಇಲ್ಲವೇ ಎಂದು ಮತ್ತೆ ಕೇಳಿದಳು. ನೋಡಿದವರು ಹಾಗೆನ್ನುತ್ತಾರೆ ಎಂದೆ. ಆ ದಿನ ಆಕೆ ಎಲೆ ಜೋಡಿಸುವುದನ್ನು ಅರ್ಧಕ್ಕೆ ಬಿಟ್ಟು ಒಳಗೆ ಹೋದಳು. ನನಗೆ ಅರ್ಥವಾಗಲಿಲ್ಲ. ಹಳೆಯ ಸಿಟ್ಟು ಮರಳಿ ಬಂದಿರಬೇಕು ಎಂದುಕೊಂಡೆ.

ಮರುದಿನದಿಂದ ಆಕೆಯದು ಒಂದೇ ಜಪ. ಈ ಕೊನೆಯದರಲ್ಲಾದರೂ ಆತ ಮುಖ ತೋರಿಸಿದ್ದಾನೋ ಇಲ್ಲವೋ? ನಾನಿನ್ನೂ ನೋಡಿಲ್ಲ ಎಂದರೆ, ನೋಡದೆ ಎಂಥದೋ ಬರೆಯುವುದು ನಿಂದು ಎಂದು ಬೈಯುತ್ತಿದ್ದಳು. ಖಾರದ ಅಂಗಡಿಗೂ ಬಂದು, ಗಿರಾಕಿಗಳ ನಡುವೆ ನಿಂತು, ಬಂತೇನು ಎಂದು ಕೇಳುತ್ತಿದ್ದಳು. ಅಂಗಡಿಯವರು ನನಗೆ ಯಾವುದೋ ನೌಕರಿಯ ಪತ್ರ ಬರಲಿದೆ ಎಂದೇ ತಿಳಿದಿದ್ದರು.

ಕೊನೆಗೆ ಮಾರ್ಗದರ್ಶಕರೇ ಸಿನೆಮಾ ಹೊಂದಿಸಿ ಕೊಟ್ಟರು. ಅಂಗಡಿಯ ಮಾಲೀಕರ ಲ್ಯಾಪ್‌ಟಾಪ್ ಕೇಳಿ ತಂದೆ. ಒಂದು ಮಧ್ಯಾಹ್ನ ದೊಡ್ಡವ್ವನ ನಡುಮನೆಯಲ್ಲಿ ಬಾಗಿಲು ಮುಂದೆ ಮಾಡಿ, ಎಲೆಬುಟ್ಟಿ ಬೋರಲು ಹಾಕಿ ಅದರ ಮೇಲಿಟ್ಟು ಇಬ್ಬರೂ ಕುಳಿತೆವು. ಹೋಲಿಸಲು ಮೊದಲು ಹಳೆಯದನ್ನು ನೋಡೋಣವೇ ಎಂದರೆ ಬೇಡ ಎಂದಳು. ಅದು ತನಗೆ ಗೊತ್ತಿದೆಯಂತೆ.

ಕೊನೆಯ ಸಿನೆಮಾ ಒಬ್ಬ ಮುದುಕ ಹಡಪದವನದು. ಅಂಗಡಿಗೆ ಬರಲಾಗದವರ ಮನೆಗಳಿಗೆ ತಾನೇ ಹೋಗಿ ಕ್ಷೌರ ಮಾಡುತ್ತಾನೆ. ಅಷ್ಟೇ ಕಥೆ. ಆದರೆ ಶುರುವಾದ ಕೂಡಲೇ ನನಗೆ ದಿಗಿಲಾಯಿತು. ತೆರೆಯ ತುಂಬ ಮುಖ. ಸಾಬೂನಿನ ನೊರೆ ಹಚ್ಚಿಕೊಂಡ ಮುಖ, ಹಲ್ಲಿಲ್ಲದ ಮುಖ, ನಿದ್ದೆಗಣ್ಣಿನ ಮುಖ. ಬೆಟ್ಟ ಇಲ್ಲ, ಬಯಲು ಇಲ್ಲ, ಎಲ್ಲಿಗೂ ನಡಿಗೆ ಇಲ್ಲ. ಆ ಮುಖಗಳು ನಮ್ಮನ್ನೇ ನೋಡುತ್ತ ಹಲ್ಲುನೋವು, ಮೊಮ್ಮಗಳ ಮದುವೆ, ನೀರು ಬಿಡದ ನಳ ಎಂದು ಮಾತಾಡುತ್ತವೆ. ಲೇಖನಗಳು ಹೇಳಿದ್ದ ಮನುಷ್ಯ ಇವನಲ್ಲವೇ ಅಲ್ಲ. ದೊಡ್ಡವ್ವ ಮಾತ್ರ ಮನೆಗೆ ಬಂದವರನ್ನು ಮಾತಾಡಿಸುವಂತೆ ಅವರ ಜೊತೆ ಮಾತಿಗಿಳಿದಳು. ಒಬ್ಬ ಥೇಟು ನಮ್ಮ ಹುಲಗೂರಿನ ಬೀಗನ ಹಾಗಿದ್ದಾನೆ ಎಂದಳು. ಇನ್ನೊಬ್ಬನಿಗೆ ಲವಂಗ ಇಟ್ಟುಕೊಳ್ಳಲು ಹೇಳಿದಳು.

ಅರ್ಧ ದಾಟಿದ ಮೇಲೆ ಒಂದು ಮನೆ ಬರುತ್ತದೆ. ಒಲೆಯ ಮುಂದೆ ಒಬ್ಬ ಮುದುಕಿ, ನಮಗೆ ಬೆನ್ನು ಹಾಕಿ ಕುಳಿತಿದ್ದಾಳೆ. ಬಹಳ ಹೊತ್ತು ಅದೇ. ದೊಡ್ಡವ್ವನ ಮಾತು ನಿಂತಿತು. ಹಡಪದವನು ಬಿಸಿನೀರು ಕೇಳುತ್ತಾನೆ. ಮುದುಕಿಗೆ ಕೇಳಿಸಲಿಲ್ಲವೇನೋ. ಮತ್ತೆ ಕೇಳುತ್ತಾನೆ. ಆಗ ಆಕೆ ನೆಲಕ್ಕೆ ಕೈಯೂರಿ, ನಿಧಾನವಾಗಿ, ಪೂರ್ತಿ ಇತ್ತ ತಿರುಗಿ ನಮ್ಮನ್ನು ನೋಡುತ್ತಾಳೆ. ನೋಡುತ್ತಾಳೆ, ಅಷ್ಟೇ.

“ತಿರುಗಿದ್ಲು ನೋಡಪಾ,” ಎಂದಳು ದೊಡ್ಡವ್ವ. ದನಿ ಸಣ್ಣದಾಗಿತ್ತು. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಸಿನೆಮಾ ಮುಗಿದ ಮೇಲೆ ಬಾಗಿಲು ತೆಗೆಯಲು ಎದ್ದೆ. ಕುಳಿತುಕೋ ಎಂದಳು.

“ಅವತ್ತ ತ್ವಾಟದಾಗ ಅವಾ ನನ್ನ ಕರದಿದ್ದ. ತಂಗೀ, ಒಮ್ಮೆ ಇತ್ತ ತಿರುಗಿ ನೋಡವಾ ಅಂತ ಹಿಂದಿಂದ ಕೂಗಿದ. ನಾನ ತಿರುಗಲಿಲ್ಲ.”

ಯಾಕೆ ಎಂದು ಕೇಳಿದೆ.

“ಅವನ ಬಾಜೂಕ ನಮ್ಮ ಮಾವ ನಿಂತಿದ್ದ.”

ಆಮೇಲೆ ಬಿಡಿಸಿ ಹೇಳಿದಳು. ಎಲೆತೋಟದಲ್ಲಿ ಚಪ್ಪಲಿ ಮೆಟ್ಟುವಂತಿಲ್ಲ. ಪಟ್ಟಣದ ಮಂದಿ ಮರೆತು ಮೆಟ್ಟಿಯಾರು, ಬಳ್ಳಿ ತುಳಿದಾರು ಎಂದು ಮಾವ ಬೆಳಗಿನಿಂದ ಕ್ಯಾಮೆರಾದ ಪಕ್ಕವೇ ಕಾವಲು ನಿಂತಿದ್ದ. ಆಗಿನ ಕಾಲದಲ್ಲಿ ಹೊಸ ಸೊಸೆ ಮಾವನ ಎದುರು ಮುಖ ಎತ್ತುವಂತಿರಲಿಲ್ಲ. ಆತ ಅಂಗಳಕ್ಕೆ ಬಂದರೆ ಸೆರಗು ಮೂಗಿನವರೆಗೆ ಎಳೆದುಕೊಂಡು ಗೋಡೆಗೆ ಸರಿಯಬೇಕು. ಕ್ಯಾಮೆರಾ ನೋಡುವುದೆಂದರೆ ಮಾವನನ್ನೇ ಕಣ್ಣಿಟ್ಟು ನೋಡಿದಂತೆ. ಅದನ್ನು ಆ ಹುಡುಗನಿಗೆ ಹೇಳುವುದಾದರೂ ಹೇಗೆ? ಆತ ಕೂಗಿದ, ಈಕೆ ನಡೆದಳು. ಮತ್ತೆ ಕೂಗಿದ, ಮತ್ತೂ ನಡೆದಳು. ಆತ ಬೈಯಲಿಲ್ಲ. ನಡಿಗೆ ಚೆನ್ನಾಗಿತ್ತು ಎಂದು ಹೇಳಿ ಕಳಿಸಿದನಂತೆ.

ಊರು ಕೇಳಿದಾಗ ನಿಜ ಹೇಳಿದ್ದರೆ ಎಲ್ಲರೂ ಮಾವನನ್ನು ಆಡಿಕೊಳ್ಳುತ್ತಿದ್ದರು. ಆತ ಕೆಟ್ಟವನಲ್ಲ. ಪೇಟೆಗೆ ಹೋದಾಗಲೆಲ್ಲ ಧೋತರದ ಚುಂಗಿನಲ್ಲಿ ಖಾರದ ಸೇವು ಕಟ್ಟಿಕೊಂಡು ಬಂದು, ಸೊಸೆಗೆಂದು ಹೇಳದೆ ಸೊಸೆ ಕೂಡುವ ಜಾಗದಲ್ಲಿ ಇಟ್ಟು ಹೋಗುತ್ತಿದ್ದನಂತೆ. ಹಾಗಾಗಿ ಆಕೆ ತಪ್ಪನ್ನು ದೂರದ ಊರಿನವನ ಮೇಲೆ ಹಾಕಿದಳು. ಆತನಿಗೆ ಹೇಗೂ ಕೇಳಿಸುವುದಿಲ್ಲವಲ್ಲ.

“ನೀ ಅದನ್ನ ಓದಿದ ಮ್ಯಾಲೆ ನನಗ ಎಲಿ ಜೋಡಸಾಕ ಆಗಲಿಲ್ಲ. ಎಲ್ಲಾ ಸಿನೆಮಾದಾಗೂ ಹಂಗ ಅಂದಿ. ಮದಲನೇದಾಕಿನ ತಿರುಗಲಿಲ್ಲಂದ್ರ, ಮುಂದ ಆ ಹುಡುಗ ಯಾರನ್ನ ಕರದಾನು?”

ನನಗೆ ನಗು ಬಂತು. ಅಷ್ಟು ದೊಡ್ಡ ನಿರ್ದೇಶಕರು ಇಷ್ಟಕ್ಕೆಲ್ಲ ಹೆದರುವುದಿಲ್ಲ, ಅದು ಅವರ ದರ್ಶನ ಎಂದೆ.

“ಹೌದಪಾ, ನೀ ಡಿಗ್ರಿ ಮಾಡಾಕತ್ತಾವ, ನಿನಗ ಗೊತ್ತಿರಬೇಕು,” ಎಂದು ಮೂಗು ಮುರಿದಳು. ಮತ್ತೆ ತಾನೇ ಮೆತ್ತಗಾಗಿ, “ಕಡೀಕಾರ ಒಬ್ಬಾಕಿ ತಿರುಗಿದ್ಲಲ್ಲ. ಅವನ ಜೀವಕ್ಕ ಸಮಾಧಾನ ಆಗಿರ್ತೇತಿ,” ಎಂದಳು.

ಆಕೆ ಹೇಳಿದ್ದು ನಿಜವೋ, ಆಕೆಗೆ ಹಾಗೆ ಅನಿಸಿದ್ದೋ, ನನಗೆ ಇಂದಿಗೂ ಗೊತ್ತಿಲ್ಲ. ಆ ನಿರ್ದೇಶಕನಿಗೆ ಸವಣೂರಿನ ಸೊಸೆಯ ನೆನಪು ಇತ್ತೋ ಇಲ್ಲವೋ... ಕೇಳಲು ಆತನೂ ಇರಲಿಲ್ಲ. ತಾನು ಇರುವತನಕ ಇದನ್ನು ಬರೆಯಬೇಡ, ಮಾವನ ಹೆಸರು ಕೆಡುತ್ತದೆ ಎಂದಳು. ಬರೆಯಲಿಲ್ಲ.

ಪ್ರಬಂಧದಲ್ಲಿ ನನಗೆ ಕಂಡಷ್ಟು ಬರೆದೆ. ಮೊದಲ ಸಿನೆಮಾದಲ್ಲಿ ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆ ಇಲ್ಲ. ಬೆನ್ನ ಹಿಂದೆ ನಡೆದು ನಡೆದು ಕಣ್ಣು ದಣಿದ ಮೇಲೆಯೇ ನಮಗೆ ಬಳ್ಳಿ ಕಾಣುತ್ತದೆ, ಹಿಮ್ಮಡಿಯ ಮೇಲಿನ ಬೆಳಕು ಕಾಣುತ್ತದೆ. ಕೊನೆಯದರಲ್ಲಿ ಮಾತು ಹೆಚ್ಚಾಯಿತು, ಒಂದು ಹಾಡು ಬೇಕಿರಲಿಲ್ಲ, ಕಡೆಗೆ ಎಲ್ಲೋ ಎಳೆ ತಪ್ಪಿದೆ. ಆಮೇಲೆ ಸಿಕ್ಕ ವಿಮರ್ಶೆಗಳು ಇದನ್ನು ಮುಪ್ಪಿನ ದಣಿವು ಎಂದಿದ್ದವು. ನನಗೆ ಹಾಗೆ ಅನಿಸಲಿಲ್ಲ. ಅಂದು ಬೆನ್ನನ್ನು ಎಷ್ಟು ಹೊತ್ತು ಬೇಸರವಿಲ್ಲದೆ ನೋಡಿದ್ದನೋ ಇಂದು ಮುಖವನ್ನೂ ಅಷ್ಟೇ ಹೊತ್ತು ನೋಡಿದ್ದಾನೆ. ನೋಡುವವನು ಬದಲಾಗಿಲ್ಲ, ಕುಳಿತ ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡಿದ್ದಾನೆ. ಯಾವುದು ದೊಡ್ಡ ಸಿನೆಮಾ ಎಂದರೆ ಮೊದಲನೆಯದು. ಮನಸ್ಸು ಸರಿ ಇಲ್ಲದ ದಿನ ಯಾವುದನ್ನು ನೋಡುತ್ತೀ ಎಂದರೆ ಕೊನೆಯದು. ಮಾರ್ಗದರ್ಶಕರು ಮಣೆ ಎಂಬ ಶಬ್ದಕ್ಕೆ ಗೆರೆ ಎಳೆದು, ಏನೋ ಯೋಚಿಸಿ, ಹಾಗೇ ಬಿಟ್ಟರು. ಪಾಸಾದೆ. ದೊಡ್ಡವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು, ತಾನೇ ಪಾಸಾದವಳ ಹಾಗೆ.

ಆ ಡಿಗ್ರಿಯಿಂದಲೇ ಈ ಕೆಲಸ ಸಿಕ್ಕು ನಾನು ಹಿರೇಕೆರೂರಿಗೆ ಬಂದೆ. ಹೋದ ಚಳಿಗಾಲದಲ್ಲಿ ದೊಡ್ಡವ್ವ ಹೋದಳೆಂದು ಊರಿನಿಂದ ಫೋನ್ ಬಂತು. ಹಾವೇರಿಯಲ್ಲಿ ಬಸ್ಸು ಬದಲಿಸಿ ಸವಣೂರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಜನ ಕೈಕಾಲು ತೊಳೆದುಕೊಳ್ಳುತ್ತಿದ್ದರು. ದೊಡ್ಡವ್ವನ ಮುಖ ನನಗೆ ಸಿಗಲಿಲ್ಲ.

ಸಂತೆಯ ದಿನ ಸಂಜೆ ಮನೆಗೆ ಬಂದು ಮೊಬೈಲಿನಲ್ಲಿ ಆ ಮೊದಲ ಸಿನೆಮಾ ಹಾಕಿದೆ. ಪ್ರಬಂಧ ಬರೆಯುವಾಗ ಎಷ್ಟೋ ಸಲ ನೋಡಿದ್ದೆ, ಆದರೂ ಒಂದನ್ನು ಗಮನಿಸಿರಲಿಲ್ಲ. ಸಾಲುಗಳ ನಡುವೆ ಒಂದು ಕಡೆ ಆಕೆಯ ನಡಿಗೆ ನಿಧಾನವಾಗುತ್ತದೆ. ಬುಟ್ಟಿ ತುಸು ಅಲುಗುತ್ತದೆ. ಕತ್ತು ಬಲಕ್ಕೆ, ಬಹಳ ತುಸುವೇ, ಬರುತ್ತದೆ. ಕಿವಿಯ ಓಲೆ ಒಮ್ಮೆ ಹೊಳೆದು ಹೋಗುತ್ತದೆ. ಆತ ಕೂಗಿದ್ದು ಅಲ್ಲಿಯೇ ಇರಬೇಕು.

ಹಿಂದಕ್ಕೆ ಸರಿಸಿ ಮತ್ತೆ ನೋಡಿದೆ. ತಿರುಗುವುದಿಲ್ಲ ಎಂಬುದು ನನಗೆ ಗೊತ್ತು. ಆದರೂ ಆ ಜಾಗ ಬಂದಾಗ, ಮನೆಯ ಒಳಗಿದ್ದವರಿಗೆ ಕೇಳಿಸದ ಹಾಗೆ, ದೊಡ್ಡವ್ವಾ ಎಂದೆ.

ಆಕೆ ಸೆರಗು ಸರಿಮಾಡಿಕೊಂಡು ಮುಂದೆ ನಡೆದಳು...