ಟಾಕೀಸು ತುಂಬಿಸುವ ಲೆಕ್ಕ

ನನ್ನ ನೆನಪನ್ನು ನಂಬಬೇಡಿ. ನಾನೇ ನಂಬುವುದಿಲ್ಲ. ನಿನ್ನೆ ಏನು ಉಂಡೆ ಎಂಬುದನ್ನೂ ದಿನಚರಿ ನೋಡಿ ಹೇಳುವ ಗಿರಾಕಿ ನಾನು. ಆದರೂ ದಿನಚರಿ ಶುರುವಾಗುವ ಮೊದಲಿನ ಒಂದು ಸಂಗತಿಯ ಬಗ್ಗೆ ಬಹಳ ವರ್ಷ ಖಾತ್ರಿಯಾಗಿದ್ದೆ: ಚಿಕ್ಕಂದಿನಲ್ಲಿ ಹುಕ್ಕೇರಿಯಲ್ಲಿ ಅಕ್ಕನ ಜೊತೆ ನೋಡಿದ ಒಂದು ಸಿನಿಮಾ. ಕಾಲಿಡಲು ಜಾಗವಿಲ್ಲದಷ್ಟು ಜನ; ಗೋಡೆಗಾನಿಕೊಂಡು ನಿಂತೇ ನೋಡಿದೆವು. ಈಚೆಗೆ ಅಕ್ಕನೆದುರು ಇದನ್ನು ವರ್ಣಿಸಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಕ್ಕಳು.

"ಜನಾ ಎಲ್ಲಿದ್ರೋ ಹುಚ್ಚಾ? ಖುರ್ಚಿಗೆ ತಗಣಿ ಆಗಿದ್ವು. ಕುಂತ್ರ ಕಡೀತಾವಂತ ನಿಂತಿದ್ವಿ."

ನೆನಪಿನ ತೊಂದರೆಯೇ ಇದು. ತುಂಬಿದ ಆಟಗಳನ್ನಷ್ಟೇ ಇಟ್ಟುಕೊಂಡು ಖಾಲಿ ಆಟಗಳನ್ನು ಬಿಸಾಡುತ್ತದೆ. ಸಾಲದೆಂದು ತಗಣಿಗಳನ್ನೂ ಪ್ರೇಕ್ಷಕರನ್ನಾಗಿ ಮಾಡಿಬಿಡುತ್ತದೆ. ಸಂಖ್ಯಾಶಾಸ್ತ್ರ ಇದಕ್ಕೆ ಔಷಧ ಎಂದು ಗೋಕಾಕದ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಮಕ್ಕಳು ಕಿಟಕಿಯಾಚೆ ನೋಡುತ್ತಾರೆ.

ನನ್ನ ಶಾಸ್ತ್ರವನ್ನು ನಂಬಿ ಬಂದವರು ಶಿವಲಿಂಗ ಕಾಕಾ ಒಬ್ಬರೇ. ಅಪ್ಪನ ತಮ್ಮ. ಮೂಡಲಗಿಯಲ್ಲಿ ಅವರದೊಂದು ಹಳೆಯ ಟಾಕೀಸು. ಅದನ್ನು ಕೆಡವಿ ಮದುವೆಗಳಿಗೊಂದು ಮಂಗಲ ಕಾರ್ಯಾಲಯ ಕಟ್ಟೋಣವೆಂದು ಅವರ ಮಗ ಹಟ ಹಿಡಿದಿದ್ದ. ದೀಪಾವಳಿಯೊಳಗೆ ಕಾಕಾ ಹೂಂ ಅಥವಾ ಉಹೂಂ ಎನ್ನಬೇಕಿತ್ತು.

"ಯಾವ ಪಿಕ್ಚರ್ ಹಾಕಿದ್ರ ಮಂದಿ ಬರ್ತಾರ, ನಿನ್ನ ಲೆಕ್ಕದಾಗ ನೋಡಿ ಹೇಳೋ ತಮ್ಮಾ," ಎಂದರು. "ನನ್ನ ಕೇಳಿದ್ರ, ಅಳೋ ಪಿಕ್ಚರ್ ಆದ್ರ ತುಂಬೇ ತುಂಬತೈತಿ. ಹೆಣ್ಮಕ್ಕಳು ಚಕ್ಕಡಿ ಕಟ್ಟಿಸ್ಕೊಂಡು ಬರ್ತಿದ್ರು."

ಅದು ಅವರ ನೆನಪು. ನನಗೆ ಬೇಕಾದದ್ದು ದಿನದಿನದ ಕಲೆಕ್ಷನ್. ನಾಯಕ ದೊಡ್ಡವನೇ, ಹಾಡೆಷ್ಟು, ಹೊಡೆದಾಟವೆಷ್ಟು, ಅಳುವವರೆಷ್ಟು ಎಂದು ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿ, ಗಳಿಕೆಯಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ನೋಡಿದೆ. ಅಳುವಿಗೆ ಪಾಲೇ ಸಿಗಲಿಲ್ಲ. ದೊಡ್ಡ ನಾಯಕನ ಪ್ರಭಾವ ಮೊದಲೆರಡು ದಿನಕ್ಕೇ ಮುಗಿಯುತ್ತಿತ್ತು. ಆದರೆ ಮಳೆಯಲ್ಲಿ ನೆನೆಯುವ ಹಾಡಿದ್ದ ಚಿತ್ರಗಳೆಲ್ಲ ಓಡಿದ್ದವು! ಆ ಸಂಜೆಯಿಡೀ ಮಹಾ ಶೋಧಕನಂತೆ ಅಂಗಳದಲ್ಲಿ ಅಡ್ಡಾಡಿದೆ. ಜೊತೆಯಲ್ಲಿ ಬಂದದ್ದೆಲ್ಲ ಕಾರಣವಲ್ಲ ಎಂದು ಪಾಠ ಹೇಳುವವನೂ ನಾನೇ ಎಂಬುದು ಮರುದಿನ ಹಲ್ಲುಜ್ಜುವಾಗ ಹೊಳೆಯಿತು.

ಚಿತ್ರದಲ್ಲಿ ಏನಿತ್ತು ಎಂಬುದನ್ನು ಬಿಟ್ಟು, ಆಯಾ ವಾರ ಊರಿನವರು ಏನು ಮಾಡುತ್ತಿದ್ದರು ಎಂದು ಕೇಳಿಕೊಂಡೆ. ಹಿಡಕಲ್ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟ ದಿನಗಳನ್ನು ಕಲೆಕ್ಷನ್ ಪಕ್ಕದಲ್ಲಿಟ್ಟೆ. ಗಂಟು ಬಿಚ್ಚಿತು. ನೀರು ಹರಿಯುವಾಗ ಟಾಕೀಸು ಭಣಭಣ. ತನ್ನ ಹೊಲದ ನೀರಿನ ಪಾಳಿ ಬಿಟ್ಟು ಯಾವ ಕಬ್ಬಿನವನು ನಾಯಕಿಯನ್ನು ನೋಡಲು ಬಂದಾನು? ನೀರು ನಿಂತಿತೋ, ಯಾವ ಚಿತ್ರವಾದರೂ ಸೈ. ಮಳೆ ಹಾಡಿನ ಚಿತ್ರಗಳು ಅಂಥ ವಾರಗಳಲ್ಲಿ ಬಂದಿದ್ದವು, ಅಷ್ಟೇ. ಈ ಮಾತಿನಲ್ಲಿ ನನಗೆ ಈಗಲೂ ಅನುಮಾನವಿಲ್ಲ.

ಕಾಕಾ ಮಗನೊಡನೆ ಪಂಥವನ್ನೇ ಕಟ್ಟಿದರು. ನೀರು ನಿಂತ ಮೊದಲ ರವಿವಾರ ಹೆಸರಿಲ್ಲದ ನಾಯಕನ ಚಿತ್ರ ಹಾಕುವುದು. ತುಂಬಿದರೆ ಟಾಕೀಸು ಉಳಿಯಿತು, ಇಲ್ಲದಿದ್ದರೆ ಮಂಗಲ ಕಾರ್ಯಾಲಯ. ಅಕ್ಕನನ್ನೂ ಕರೆದುಕೊಂಡು ಹೋದೆ. ತುಕ್ಕಾನಟ್ಟಿಯಿಂದ ಟ್ರ್ಯಾಕ್ಟರುಗಳಲ್ಲಿ ಮಂದಿ ಬಂದಿಳಿದರು. ಒಬ್ಬ ಟಿಕೀಟು ಕೊಂಡು ಕಿಸೆಗಿಟ್ಟುಕೊಂಡ ಮೇಲೆ ಕೇಳಿದ: "ಅಂದಂಗ ಸಾಹುಕಾರ್ರ, ಪಿಕ್ಚರ್ ಯಾವದ್ರಿ?" ನನ್ನ ಲೆಕ್ಕಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರವನ್ನು ಯಾವ ವಿಶ್ವವಿದ್ಯಾಲಯ ಕೊಟ್ಟೀತು?

ಆಟ ಶುರುವಾದ ಮೇಲೆ ಕಾಕಾ ಬಾಗಿಲಲ್ಲಿ ನಿಂತು ಮಗನಿಗೆ ಹೇಳಿದರು: "ನೋಡಲೇ, ಹೌಸ್‌ಫುಲ್! ನಿನ್ನ ಕಾರ್ಯಾಲಯ ಬ್ಯಾರೆ ಕಡೆ ಕಟ್ಟಕೋ." ಮಗ ಬಾಗಿಲ ಪರದೆ ಸರಿಸಿ ಒಳಗೆ ಇಣುಕಿದ, ಅಪ್ಪನ ಮುಖ ನೋಡಿದ. "ಆತು ಬಿಡಪ್ಪಾ," ಎಂದ.

ಹೊರಗೆ ಬರುವಾಗ, ನನ್ನ ಕಣ್ಣನ್ನೂ ನಂಬದೆ, ತುಂಬಿತ್ತಲ್ಲವೇ ಎಂದು ಅಕ್ಕನನ್ನು ಕೇಳಿದೆ.

"ಮುಂದಿನ ನಾಕು ಸಾಲು ಖಾಲಿ ಇದ್ವು," ಎಂದಳು. "ತಗಣಿ ಮಾತ್ರ ಇರಲಿಲ್ಲ, ಖರೆ."

ದಿನಚರಿಯಲ್ಲಿ ಅಕ್ಕನ ಮಾತನ್ನೇ ಬರೆದೆ. ಕಾಕಾನನ್ನು ತಿದ್ದಲು ಹೋಗಲಿಲ್ಲ. ತುಕ್ಕಾನಟ್ಟಿಯವರೂ ಊರಿಗೆ ಹೋಗಿ ಕಾಲಿಡಲು ಜಾಗವಿರಲಿಲ್ಲ ಎಂದೇ ಹೇಳಿರುತ್ತಾರೆ. ಕೇಳಿದವರು ಮುಂದಿನ ಸಲ ನೀರು ನಿಂತಾಗ ತಾವೂ ಟ್ರ್ಯಾಕ್ಟರ್ ಹತ್ತುತ್ತಾರೆ. ಇದಕ್ಕೆ ನನ್ನ ಲೆಕ್ಕದಲ್ಲಿ ಕಾಲಂ ಇರಲಿಲ್ಲ. ಈಗ ಸೇರಿಸಿದ್ದೇನೆ, 'ಸುಳ್ಳು ನೆನಪು' ಎಂದು ಹೆಸರಿಟ್ಟು. ಆ ನಾಲ್ಕು ಸಾಲುಗಳನ್ನು ಎಂದಾದರೂ ತುಂಬಿಸಿದರೆ ಅದೇ ತುಂಬಿಸಬೇಕು.