ಸೋದರಮಾವನನ್ನು ಕೇಳಿ ಹಾಕಿಸಿದ ಸೂಜಿ

ನಾನು ಹತ್ತನೇ ಇಯತ್ತೆಯಲ್ಲಿದ್ದಾಗ, ಎಂಬತ್ತರ ದಶಕದ ಆರಂಭದಲ್ಲಿ, ಹುನಗುಂದದ ನಮ್ಮ ಶಾಲೆಯಲ್ಲಿ ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟರು. ಧನುರ್ವಾಯು ಬಾರದಂತೆ ಮಕ್ಕಳಿಗೆ ಚುಚ್ಚುಮದ್ದು ಹಾಕುವವರಿದ್ದಾರೆ, ಪಾಲಕರು ಒಪ್ಪಿ ಸಹಿ ಮಾಡಿ ಸೋಮವಾರ ಕಳಿಸಬೇಕು ಎಂದು ಅದರಲ್ಲಿತ್ತು. ಆಗಲೇ ನನಗೆ ಡೈರಿ ಬರೆಯುವ ಚಟ. ಆ ವಾರದ ಪುಟಗಳನ್ನು ಈಗ ತೆಗೆದು ನೋಡಿದರೆ ಸಿಗುವುದು ಒಂದೇ ಸಾಲು: "ಇಂಜೆಕ್ಷನ್ ಆಯಿತು, ಎಡಗೈ ನೋವು." ಉಳಿದದ್ದೆಲ್ಲ ನೆನಪು. ಅದರಲ್ಲಿ ನಾನು ಕಂಡದ್ದೆಷ್ಟು, ಆಮೇಲೆ ಅವ್ವನ ಬಾಯಿಂದ ಕೇಳಿದ್ದೆಷ್ಟು ಎಂದು ಬೇರ್ಪಡಿಸಲು ನನಗೆ ಬರುವುದಿಲ್ಲ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಚೀಟಿ ಓದಿ ಹೇಳಿದರು. ಅವ್ವನ ಕೈ ನಿಂತಿತು.

"ದೊಡ್ಡ ಹುಡುಗ್ಯಾರಿಗೆ ಸೂಜಿ ಯಾಕ್ರಿ? ಮುಂದ ಮಕ್ಕಳಾಗಬಾರದು ಅಂತ ಹಾಕ್ತಾರಂತ. ಓಣ್ಯಾಗ ಎಲ್ಲಾರೂ ಅನ್ನಾಕತ್ತಾರ."

"ಹುಡುಗೂರಿಗೂ ಹಾಕ್ತಾರ. ಅವರೇನು ಹಡೀತಾರ?"

"ನಿಮ್ಮ ಮಾತು ನನಗ ಬ್ಯಾಡ. ಆವಾಗ ನನ್ನ ತಮ್ಮಗೂ ಹಿಂಗ ತಿಳಿಸಿ ಹೇಳಿದ್ರಿ."

ಅಪ್ಪ ಚೀಟಿ ಮಡಚಿದರು. ಅವರು ಪ್ರಾಥಮಿಕ ಶಾಲೆಯ ಮಾಸ್ತರರು. ತುರ್ತು ಪರಿಸ್ಥಿತಿಯ ಕಾಲದಲ್ಲಿ, ಸಂತಾನ ನಿಯಂತ್ರಣದ ಆಪರೇಷನ್ನಿಗೆ ಇಷ್ಟು ಜನರನ್ನು ಕರೆತರಬೇಕೆಂದು ಮಾಸ್ತರರಿಗೆಲ್ಲ ಹೇಳಿದ್ದರು. ಹಾಗೆ ಕರೆತಂದವರಿಗೆ 'ಕೇಸು' ಎನ್ನುತ್ತಿದ್ದರು. ಅಪ್ಪನಿಗೆ ಒಂದು ಕೇಸು ಕಡಿಮೆ ಬಿದ್ದಿತ್ತು. ಅವ್ವನ ತಮ್ಮನಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು; ಗಂಡು ಬೇಕೆಂಬ ಆಸೆ ಇತ್ತು. ಅಪ್ಪ ಅವನನ್ನು ಒಪ್ಪಿಸಿ ಕರೆದೊಯ್ದರು. ಅಲ್ಲಿಂದ ಮುಂದೆ ಅವನು ಅಕ್ಕನ ಗಂಡನಾದ ಅಪ್ಪನನ್ನು 'ಮಾಮಾ' ಎನ್ನಲಿಲ್ಲ, ಊರವರಂತೆ 'ಮಾಸ್ತರ್ರ' ಎಂದ. ಅಪ್ಪನೂ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

"ನನ್ನ ತಮ್ಮನ್ನ ಕೇಳೂಣು," ಎಂದಳು ಅವ್ವ. "ಕಿವಿ ಚುಚ್ಚಸೂ ಮುಂದ ಸೋದರಮಾವನ ತೊಡಿ ಬೇಕಾಗಿತ್ತು. ತೋಳು ಚುಚ್ಚಸೂ ಮುಂದ ಬ್ಯಾಡೇನು? ಅವ ಹೂಂ ಅಂದ್ರ ಆತು, ಇಲ್ಲಂದ್ರ ಇಲ್ಲ."

ನಮ್ಮಲ್ಲಿ ಹೆಣ್ಣುಮಗುವಿನ ಕಿವಿ ಚುಚ್ಚಿಸುವುದು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ. "ನಾನೂ ಬರ್ತೇನಿ," ಎಂದರು ಅಪ್ಪ.

ರವಿವಾರ ಮೂವರೂ ಬಸ್ಸು ಹತ್ತಿದೆವು. ಮಾವನ ಹಳ್ಳಿ ಕಮತಗಿಯ ಆಚೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಅಪ್ಪ ಇಳಿದು ಕರದಂಟಿನ ಪೊಟ್ಟಣ ತಂದರು.

"ಏನ್ರಿ, ಲಂಚಾನ?" ಎಂದಳು ಅವ್ವ.

ಅದು ಕರದಂಟು ಅಲ್ಲ, ಬಾಳೆಹಣ್ಣು ಎಂದು ಅವ್ವ ಈಗಲೂ ಸಾಧಿಸುತ್ತಾಳೆ. ಲಂಚದ ಮಾತನ್ನು ಮಾತ್ರ ಅಲ್ಲಗಳೆಯುವುದಿಲ್ಲ.

ಮಾವ ಕಟ್ಟೆಯ ಮೇಲೆ ಕೂತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ಅಪ್ಪನನ್ನು ಕಂಡರೂ ಹೊಸೆಯುವುದನ್ನು ಬಿಡಲಿಲ್ಲ.

"ಬರ್ರಿ ಮಾಸ್ತರ್ರ. ಈ ಸಲ ಎಷ್ಟು ಕೇಸ್ ಬೇಕಾಗ್ಯಾವ?"

"ಒಂದ," ಎಂದರು ಅಪ್ಪ, ನಿಂತೇ. "ನನ್ನ ಮಗಳು."

ಅವ್ವ ಚೀಟಿಯ ವಿಷಯ ಹೇಳಿದಳು, ಓಣಿಯ ಮಾತನ್ನೂ ಹೇಳಿದಳು. ಮಾವ ಎಲ್ಲ ಕೇಳಿ ಅಪ್ಪನತ್ತ ತಿರುಗಿದ.

"ನೀವೇನಂತೀರಿ?"

"ಹಾಕಿಸಬೇಕು ಅಂತೇನಿ. ಮೊಳಿ ನಟ್ಟರ ಸಾಕು, ಕುಡಗೋಲು ತಾಗಿದ್ರ ಸಾಕು, ಈ ರೋಗ ಬರತೈತಿ. ಬಂದ್ರ ಉಳಿಯೂದು ಕಷ್ಟ."

"ಮಕ್ಕಳಾಗೂದಿಲ್ಲ ಅಂತಾರಲ್ಲ?"

"ಸುಳ್ಳು. ದವಾಖಾನಿಗೆ ಹೋಗಿ ಕೇಳಕೊಂಡು ಬಂದೇನಿ."

"ಅವರು ಹೇಳಿದ್ದು ನೀವು ನಂಬೀರೇನು?"

"ನಂಬೇನಿ." ಅಪ್ಪ ಕಟ್ಟೆಯ ಹತ್ತಿರ ಬಂದರು. "ಆವಾಗ ನಿನಗ ಹೇಳಿದ್ದು ನಂಬಿ ಹೇಳಿದ್ದಲ್ಲೋ. ಪಗಾರ ನಿಲ್ಲಸ್ತಾರಂತ ಅಂಜಿ ಹೇಳಿದ್ದೆ."

ಈ ಮಾತನ್ನು ನಾನೇ ಕೇಳಿದೆನೇ? ನಾನು ಆಗ ಬಾಗಿಲ ಬಳಿ ನಿಂತಿದ್ದೆ ಎಂದುಕೊಂಡಿದ್ದೇನೆ. ಅತ್ತೆಯ ಜೊತೆ ಒಳಗಿದ್ದೆ ಎನ್ನುತ್ತಾಳೆ ಅವ್ವ. ಅಪ್ಪ ಬದುಕಿರುವಾಗ ಒಮ್ಮೆಯೂ ಈ ಮಾತು ಎತ್ತಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ. ಆದರೆ ಮಾವನ ಕೈಯಲ್ಲಿ ಹಗ್ಗ ನಿಂತದ್ದು ನನ್ನ ಕಣ್ಣಲ್ಲಿದೆ. ಕಾಣದೆ ಅದು ಕಣ್ಣಲ್ಲಿ ಉಳಿಯುವುದು ಹೇಗೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

"ಕುಂದ್ರರಿ ಮೊದಲ," ಎಂದ ಮಾವ. ಆಮೇಲೆ ಚೀಟಿ ಇಸಿದುಕೊಂಡು ತಿರುವಿ ನೋಡಿದ. ಅವನಿಗೆ ಓದು ಬರುತ್ತಿರಲಿಲ್ಲ. "ಆವತ್ತು ಹೆಬ್ಬಟ್ಟು ಒತ್ತಿದಾಂವ ನಾನು. ಇದಕ್ಕ ನೀವ ಸಹಿ ಮಾಡ್ರಿ. ಇಲ್ಲೆ, ನನ್ನ ಮುಂದ."

ಅಪ್ಪ ಜೇಬಿನಿಂದ ಪೆನ್ನು ತೆಗೆದು, ತೊಡೆಯ ಮೇಲೆ ಚೀಟಿ ಇಟ್ಟುಕೊಂಡು ಸಹಿ ಮಾಡಿದರು. ಮಾವ ನನ್ನನ್ನು ಕರೆದ.

"ಅಂಜಿಕಿ ಬರತೈತೇನವಾ?"

"ಸೂಜಿಗೆ ಅಷ್ಟ, ಮಾಮಾ."

"ಕಿವಿ ಚುಚ್ಚಸೂ ಮುಂದ ನನ್ನ ಧೋತರ ಪೂರಾ ತೋಯ್ಸಿದ್ದಿ. ಈ ಸಲ ಸಾಲಿ ಮಾಸ್ತರರ ಮಾನ ಕಾಯಿ."

ಮಂಗಳವಾರ ಚುಚ್ಚಿದರು. ಅವ್ವ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ನನ್ನ ತೋಳಿಗೆ ಒತ್ತಿದಳು. ಅವಳ ಅಂಜಿಕೆ ಮಾತ್ರ ಅಷ್ಟಕ್ಕೆ ಹೋಗಲಿಲ್ಲ. ನಾನು ಮುಟ್ಟಾಗುವ ದಿನ ಹತ್ತಿರ ಬಂದಂತೆ, ತಲೆ ಬಾಚುವಾಗ ಹಿಂದಿನಿಂದ ಮೆಲ್ಲಗೆ ಕೇಳುತ್ತಿದ್ದಳು: "ಆತೇನು?" ಆ ತಿಂಗಳು ಐದು ದಿನ ತಡವಾಯಿತು. ಪರೀಕ್ಷೆಯ ಚಿಂತೆಗೆ ಹಾಗಾಗಿರಬೇಕು ಎಂದು ಈಗ ಅನಿಸುತ್ತದೆ. ಆ ಐದು ದಿನ ಅವಳು ಅಪ್ಪನ ಜೊತೆ ಮಾತಾಡಲಿಲ್ಲ. ಅಪ್ಪ ಶಾಲೆಯಿಂದ ಬಂದವರೇ ಮೊದಲು ಅವಳ ಮುಖ ನೋಡುತ್ತಿದ್ದರು.

ಆರನೆಯ ದಿನ ಹೋಗಿ ಹೇಳಿದೆ. ಅವ್ವ ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದಳು. "ಆತಾ?" ಎಂದು ಅಲ್ಲೇ ಕೂತುಬಿಟ್ಟಳು, ಬೂದಿಗೈಯಲ್ಲೇ ನನ್ನ ಗಲ್ಲ ಸವರಿದಳು.

ಅಂದು ಮನೆಯಲ್ಲಿ ಗೋದಿ, ಬೆಲ್ಲದ ಮಾದಲಿ ಮಾಡಿದಳು. ಹಬ್ಬವೇನೂ ಇರಲಿಲ್ಲ. ಒಂದು ಡಬ್ಬಿ ತುಂಬ ಹಾಕಿ ಅಪ್ಪನ ಮುಂದಿಟ್ಟಳು. "ನನ್ನ ತಮ್ಮಗ ಕೊಟ್ಟು ಬರ್ರಿ. ನಾ ಬರಂಗಿಲ್ಲ, ನೀವ ಹೋಗ್ರಿ."

ಸಂಜೆಯೊಳಗೆ ಬರುತ್ತೇನೆಂದು ಹೋದ ಅಪ್ಪ ರಾತ್ರಿ ಅಲ್ಲೇ ಉಳಿದು ಮರುದಿನ ಮಧ್ಯಾಹ್ನ ಬಂದರು. ಮೈಮೇಲೆ ಮಾವನ ಅಂಗಿ. ಭುಜದಲ್ಲಿ ದೊಡ್ಡದಾಗಿ, ತೋಳು ಬೆರಳ ತುದಿಯವರೆಗೆ ಇಳಿದಿತ್ತು. ಅವ್ವ ಅದನ್ನು ನೋಡಿದಳು, ಊಟಕ್ಕೆ ತಾಟು ಹಾಕಿದಳು.